ಟ್ರ್ಯಾಕ್ಟರ್ ಕೆಳಗೆ ಹಾಲೋ ಬ್ಲಾಕ್ ಬದಲು ಮರದ ಅಟ್ಟಿ: ನನ್ನ ಅನುಭವ

45–50 ಎಚ್‌ಪಿ ಟ್ರ್ಯಾಕ್ಟರ್ ಅಂದರೆ ಹೆಚ್ಚುಕಡಿಮೆ 2 ಟನ್, ಅದರಲ್ಲಿ ದೊಡ್ಡ ಪಾಲು ಹಿಂದಿನ ಆಕ್ಸಲ್ ಮೇಲೆ. ರಿಪೇರಿಗೆ ಎತ್ತಿದಾಗ ಅದರ ಕೆಳಗೆ ಆಸರೆಗೆ ಹಾಲೋ ಬ್ಲಾಕ್ ಬಿಟ್ಟು ಮರದ ತುಂಡುಗಳ ಅಟ್ಟಿ (ಒಂದರ ಮೇಲೊಂದು ಪೇರಿಸಿದ್ದು) ಜೋಡಿಸಿದಾಗ ‘ಕಲ್ಲಿಗಿಂತ ಮರ ಗಟ್ಟಿನಾ?’ ಎಂದವರೇ ಹೆಚ್ಚು. ಈಗ ಅವರೇ ಕ್ಲಚ್ ಕೆಲಸ ಬಂದಾಗ ನನ್ನ ತುಂಡು ಕೇಳಿ ಒಯ್ಯುತ್ತಾರೆ.

ಹಾಲೋ ಬ್ಲಾಕ್ ಗೋಡೆಯಲ್ಲಿ ನಿಲ್ಲುವುದು ಗಾರೆಯ ಮೇಲೆ ಭಾರ ಸಮನಾಗಿ ಹರಡುವುದರಿಂದ. ಆಕ್ಸಲ್ ಹೌಸಿಂಗ್ (ಆಕ್ಸಲ್‌ನ ಹೊರಕವಚ) ದುಂಡಗಿದೆ, ಒಂದೇ ಗೆರೆಯಲ್ಲಿ ಒತ್ತುತ್ತದೆ. ತೂತು ಅಡ್ಡಕ್ಕೆ ಬರುವಂತೆ ಮಲಗಿಸಿದರಂತೂ ಬ್ಲಾಕ್ ಇನ್ನೂ ಬೇಗ ಒಡೆದು ಹೋಗುತ್ತದೆ. ಜಾಮಾದ ಬೋಲ್ಟಿಗೆ ಹೊಡೆದ ಸುತ್ತಿಗೆ ಏಟಿಗೇ ಸದ್ದಿಲ್ಲದೆ ಪುಡಿಯಾಗಬಹುದು. ಮರ ಹಾಗಲ್ಲ: ಮೊದಲು ನುಜ್ಜಾಗಿ ಲಟಲಟ ಎನ್ನುತ್ತದೆ, ಪಕ್ಕಕ್ಕೆ ಸರಿಯಲು ಸಮಯ ಕೊಡುತ್ತದೆ.

4×4 ಇಂಚು, 2 ಅಡಿ ಉದ್ದದ ಮತ್ತಿ ಮರದ ತುಂಡು, ಒಟ್ಟು 24. ಸಾಮಿಲ್ಲಿನಲ್ಲಿ ಕೊಯ್ಸಿದ್ದು ಸೇರಿ ಸುಮಾರು 7,000 ರೂಪಾಯಿ. ಅಗ್ಗವೆಂದು ತಂದ ನೀಲಗಿರಿ ಒಂದೇ ಬೇಸಿಗೆಗೆ ಉದ್ದಕ್ಕೆ ಸೀಳಿತು, ಆ ದುಡ್ಡು ಒಲೆಗೆ ಹೋಯಿತು.

ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ, ಹೀಗೆ ಮೇಲೇರಿಸಬೇಕು. ತುದಿಗಳು ಕನಿಷ್ಠ 4 ಇಂಚು ಹೊರಗೆ ಚಾಚಿರಲಿ. ಎತ್ತರ ಅಡಿಪಾಯದ ಅಗಲದ ಎರಡು ಪಟ್ಟು ದಾಟಕೂಡದು. ನಾನು ಒಂದೂವರೆಗೇ ನಿಲ್ಲಿಸುತ್ತೇನೆ. ಮಳೆಗಾಲದ ಎರೆಮಣ್ಣಿನಲ್ಲಿ ಅಟ್ಟಿಯೇ ಒಂದು ಕಡೆ ಹೂತು ವಾಲುತ್ತದೆ. ಅಲ್ಲಿ ಅಟ್ಟಿಯ ಕೆಳಗೆ 10 ಎಂಎಂ ಕಬ್ಬಿಣದ ಪ್ಲೇಟ್ ಬೇಕೇ ಬೇಕು.

ಕಬ್ಬಿಣ ಜಾರದಿರಲಿ ಎಂದು ಮೇಲೆ ಹಳೇ ಟೈರಿನ ತುಂಡಿಟ್ಟು ನೋಡಿದೆ. ಸ್ಪ್ರಿಂಗಿನಂತೆ ಕುಣಿದು, ಗೇರ್‌ಬಾಕ್ಸ್ ತೂತಿಗೆ ಸ್ಟಡ್ (ತಲೆಯಿಲ್ಲದ ಬೋಲ್ಟ್) ಸೇರಲೇ ಇಲ್ಲ. ಮಡಿಸಿದ ಗೋಣಿಚೀಲ ಸಾಕು.

ಎಂಜಿನ್–ಗೇರ್‌ಬಾಕ್ಸ್ ಬೇರ್ಪಡಿಸುವಾಗ ಹಲವರು ಮರೆಯುವುದು ಮುಂದಿನ ಆಕ್ಸಲ್. ಅದು ನಡುವಿನ ಪಿನ್ ಮೇಲೆ ತೂಗುತ್ತದೆ. ಬೋಲ್ಟ್ ಬಿಚ್ಚುವ ಮೊದಲೇ ಆಕ್ಸಲ್‌ಗೂ ಅದರ ಮೇಲಿನ ಚೌಕಟ್ಟಿಗೂ ನಡುವೆ ಎರಡೂ ಬದಿ ಬೆಣೆ ಬಡಿಯದಿದ್ದರೆ ಎಂಜಿನ್ ಪಕ್ಕಕ್ಕೆ ಉರುಳುತ್ತದೆ. ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ತಡೆ ಕೊಟ್ಟು, ಅಟ್ಟಿಯನ್ನು ಕ್ಲಚ್ ಹೌಸಿಂಗ್ ಅಡಿಗೆ ಕೂರಿಸಬೇಕು.

ಜ್ಯಾಕ್ ಎತ್ತುವುದಕ್ಕೆ ಮಾತ್ರ. ಒಳಗಿನ ಎಣ್ಣೆ ತಡೆಯುವ ಸೀಲ್ ಸವೆದರೆ ಅದು ಗೊತ್ತಾಗದಂತೆ ಇಳಿಯುತ್ತದೆ. ಅಟ್ಟಿಯ ಮೇಲೆ ಭಾರ ಬಿಟ್ಟು, ಪಕ್ಕದಲ್ಲಿ ನಿಂತು ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಹುಡುಗರನ್ನು ಕೆಳಗೆ ಬಿಡುತ್ತೇನೆ.