ಬೋಟಿನ ಹಳೆಯ ಡೀಸೆಲ್ ಎಂಜಿನ್ ಬದಲಿಸುವುದು ಹೇಗೆ?

ಕರ್ನಾಟಕ ಕರಾವಳಿಯಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರೀಕೃತ ಬೋಟುಗಳು ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಕಡಲಿಗಿಳಿಯುವಂತಿಲ್ಲ. ಉತ್ತರ ಕನ್ನಡದ ಬೈತಖೋಲ, ಬೇಲೆಕೇರಿ, ತದಡಿ, ಕಾಸರಕೋಡ, ಭಟ್ಕಳ, ಎಲ್ಲಿಯ ಬೋಟೇ ಆಗಲಿ, ದುಡಿಮೆ ಕೆಡಿಸಿಕೊಳ್ಳದೆ ಎಂಜಿನ್ ಬದಲಿಸಲು ಸಿಗುವ ಸಮಯ ಇಷ್ಟೇ. ಮಳೆ ಹಿಡಿಯುವ ಹೊತ್ತಿಗೆ ಹೊಸ ಎಂಜಿನ್ ಬೋಟು ಕಟ್ಟುವ ಧಕ್ಕೆಗೆ ಬಂದಿರಬೇಕೆಂದರೆ ಸರ್ಕಾರಿ ಸಹಾಯಧನದ ಓಡಾಟ ದೀಪಾವಳಿಯ ಆಸುಪಾಸಿನಲ್ಲೇ ಶುರುವಾಗಬೇಕು.

ಮೊದಲು ಹೊಗೆಯ ಬಣ್ಣ ನೋಡಿ

ಹೊಗೆ ಬಂದ ಮಾತ್ರಕ್ಕೆ ಎಂಜಿನ್ ಮುಗಿಯಿತು ಎಂದಲ್ಲ. ಕಪ್ಪು ಹೊಗೆ ಎಂದರೆ ಡೀಸೆಲ್ ಉರಿಯಲು ಗಾಳಿ ಸಾಲುತ್ತಿಲ್ಲ ಅಥವಾ ಎಂಜಿನ್ ಮೇಲೆ ಭಾರ ಹೆಚ್ಚಾಗಿದೆ. ಏರ್ ಫಿಲ್ಟರ್ ಕಟ್ಟಿರಬಹುದು, ಡೀಸೆಲ್ ಚಿಮ್ಮಿಸುವ ನಾಜಲ್ ಸವೆದಿರಬಹುದು, ಬೋಟಿನ ತಳಕ್ಕೆ ಚಿಪ್ಪು ಮೆತ್ತಿರಬಹುದು, ಪ್ರೊಪೆಲ್ಲರ್ ಎಂಜಿನ್ನಿನ ತಾಕತ್ತಿಗೆ ಮೀರಿದ್ದಿರಬಹುದು. ಇವೆಲ್ಲ ಕಡಿಮೆ ಖರ್ಚಿನಲ್ಲಿ ಸರಿಹೋಗುವ ತೊಂದರೆಗಳು. ನೀಲಿ ಹೊಗೆ ಎಂದರೆ ಲೂಬ್ ಆಯಿಲ್ ಉರಿಯುತ್ತಿದೆ. ರಿಂಗ್, ಲೈನರ್ ಸವೆದಿವೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಅರೆಬರೆ ಉರಿಯುತ್ತಿದೆ, ಇಲ್ಲವೇ ಸಿಲಿಂಡರಿಗೆ ನೀರು ಸೇರುತ್ತಿದೆ. ನೀಲಿ ಹೊಗೆಯ ಜೊತೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ಕೂಡ ಕುಸಿದಿದ್ದರೆ ಬದಲಾವಣೆಯ ಮಾತು ಆಡಬಹುದು.

ಮುಂದೆ ಒಂದು ತಿಂಗಳು ಪುಸ್ತಕದಲ್ಲಿ ಲೆಕ್ಕ ಇಡಿ: ಪ್ರತಿ ಟ್ರಿಪ್ಪಿಗೆ ಎಂಜಿನ್ ಓಡಿದ ಗಂಟೆ, ಆರ್‌ಪಿಎಂ, ಸುರಿದ ಡೀಸೆಲ್ ಮತ್ತು ಆಯಿಲ್. ಚೆನ್ನಾಗಿರುವ ಡೀಸೆಲ್ ಎಂಜಿನ್ ಒಂದು ಕಿಲೋವ್ಯಾಟ್ ತಾಕತ್ತಿಗೆ ಗಂಟೆಗೆ ಸುಮಾರು ಕಾಲು ಲೀಟರ್ ಕುಡಿಯುತ್ತದೆ. 100 ಎಚ್‌ಪಿ ಎಂದರೆ 74.6 ಕಿಲೋವ್ಯಾಟ್, ಪೂರ್ತಿ ಭಾರದಲ್ಲಿ ಗಂಟೆಗೆ 18ರಿಂದ 19 ಲೀಟರ್. ನಿಮ್ಮ ಲೆಕ್ಕ ಇದಕ್ಕಿಂತ ಬಹಳ ಮೇಲಿದ್ದರೆ ಅದೇ ಅರ್ಜಿಯ ಜೊತೆ ಲಗತ್ತಿಸಬೇಕಾದ ಗಟ್ಟಿ ಆಧಾರ.

ಹಣ ಯಾವ ಶೀರ್ಷಿಕೆಯಡಿ?

ಅರ್ಜಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ರಾಜ್ಯದ 2023–24ರ ಬಜೆಟ್‌ನಲ್ಲಿ ತಲಾ ₹50 ಸಾವಿರ ಘೋಷಣೆಯಾದದ್ದು ಸೀಮೆಎಣ್ಣೆ ಎಂಜಿನ್ನಿನ ದೋಣಿಗಳನ್ನು ಪೆಟ್ರೋಲ್ ಅಥವಾ ಡೀಸೆಲ್‌ಗೆ ಬದಲಿಸಲು. ಟ್ರಾಲ್ ಬೋಟಿನ ಡೀಸೆಲ್ ಎಂಜಿನ್ ಅದರಲ್ಲಿ ಸೇರುವುದಿಲ್ಲ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿಗಳಿಗೆ ಘಟಕ ವೆಚ್ಚದ (ಒಂದು ಕೆಲಸಕ್ಕೆ ಯೋಜನೆ ನಿಗದಿ ಮಾಡಿದ ವೆಚ್ಚದ) ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 60 ಸಹಾಯಧನದ ಲೆಕ್ಕವಿದೆ. ಆದರೆ ಅಲ್ಲಿಯೂ ಪ್ರತಿ ಕೆಲಸಕ್ಕೆ ಬೇರೆ ಬೇರೆ ಶೀರ್ಷಿಕೆ. ಆದ್ದರಿಂದ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ ಮೂರು ಪ್ರಶ್ನೆ ಕೇಳಿ, ಉತ್ತರ ಬರವಣಿಗೆಯಲ್ಲಿ ಪಡೆಯಿರಿ: ಈ ವರ್ಷ ಇನ್‌ಬೋರ್ಡ್ (ಬೋಟಿನೊಳಗೆ ಕೂರಿಸುವ) ಎಂಜಿನ್‌ಗೆ ಯಾವ ಶೀರ್ಷಿಕೆಯಲ್ಲಿ ಅನುದಾನವಿದೆ? ಘಟಕ ವೆಚ್ಚ ಎಷ್ಟು? ಹಳೆಯ ಎಂಜಿನ್ ಏನು ಮಾಡಬೇಕು?

ಸಹಾಯಧನ ಲೆಕ್ಕವಾಗುವುದು ಘಟಕ ವೆಚ್ಚದ ಮೇಲೆ, ನಿಮ್ಮ ಬಿಲ್ಲಿನ ಮೇಲಲ್ಲ. ಉದಾಹರಣೆಗೆ, ಘಟಕ ವೆಚ್ಚ ₹8 ಲಕ್ಷ, ಬಿಲ್ ₹10 ಲಕ್ಷ ಎಂದುಕೊಳ್ಳಿ. ಶೇ 40 ಎಂದರೆ ₹3.2 ಲಕ್ಷ, ಉಳಿದ ₹6.8 ಲಕ್ಷ ಮಾಲೀಕರದು. ಅದೂ ಸಾಮಾನ್ಯವಾಗಿ ಎಂಜಿನ್ ಕೂರಿಸಿ, ಅಧಿಕಾರಿಗಳು ಬಂದು ನೋಡಿದ ಮೇಲೆ ಖಾತೆಗೆ ಬರುವ ಹಣ. ಅಲ್ಲಿಯವರೆಗಿನ ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲದ ಬಡ್ಡಿಯನ್ನೂ ಕೂಡಿಸಿಕೊಳ್ಳಿ.

ಬೋಟಿನ ನೋಂದಣಿ ಪತ್ರ, ಮೀನುಗಾರಿಕೆ ಪರವಾನಗಿ, ವಿಮೆ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಸಂಘದ ಸದಸ್ಯತ್ವ, ದರಪಟ್ಟಿ ಒಟ್ಟಿಗಿರಲಿ. ಎಲ್ಲದರಲ್ಲೂ ಮಾಲೀಕರ ಹೆಸರು ಅಕ್ಷರ ಅಕ್ಷರವೂ ಒಂದೇ ಆಗಿರಬೇಕು. ಬೋಟು ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಮೊದಲು ವರ್ಗಾವಣೆ, ಆಮೇಲೆ ಅರ್ಜಿ. ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಎಂಜಿನ್ ಖರೀದಿಸಬೇಡಿ. ಅದಕ್ಕೂ ಹಿಂದಿನ ತಾರೀಖಿನ ಬಿಲ್ ಇಡೀ ಅರ್ಜಿಯನ್ನು ಕೆಡಿಸಬಲ್ಲದು.

ಎಂಜಿನ್, ಗೇರ್, ಪ್ರೊಪೆಲ್ಲರ್ ಒಂದೇ ಲೆಕ್ಕ

ಹೊಸದು ತರುವಾಗ ಎಚ್‌ಪಿ ಏರಿಸುವ ಆಸೆ ಸಹಜ. ಆದರೆ ನೀರು ಸೀಳಿ ಹೋಗುವ ಬೋಟಿಗೆ ವೇಗದ ಮಿತಿ ಅದರ ಉದ್ದದಲ್ಲೇ ಇದೆ. ನೀರಿನ ಮಟ್ಟದಲ್ಲಿ 45 ಅಡಿ ಉದ್ದದ ಬೋಟಿಗೆ ಅದು ಸುಮಾರು 9 ನಾಟ್. ಅದರಾಚೆ ಸುರಿದ ಡೀಸೆಲ್ ಅಲೆ ಎಬ್ಬಿಸುತ್ತದೆ, ಅಷ್ಟೆ. ತಾಕತ್ತಿನ ಬೇಡಿಕೆ ಪ್ರೊಪೆಲ್ಲರ್ ತಿರುಗುವ ವೇಗದ ಘನದಷ್ಟು ಏರುತ್ತದೆ: 1,800 ಆರ್‌ಪಿಎಂನಿಂದ 1,620ಕ್ಕೆ ಇಳಿಸಿದರೆ ಬೇಕಾಗುವ ತಾಕತ್ತು ಸುಮಾರು ಶೇ 27 ಕಡಿಮೆ. ಎಚ್‌ಪಿ ಹೆಚ್ಚಿಸಲೇಬೇಕಿದ್ದರೆ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. 130 ಕಿಲೋವ್ಯಾಟ್, ಅಂದರೆ ಸುಮಾರು 174 ಎಚ್‌ಪಿ ಮೀರಿದ ಎಂಜಿನ್‌ಗೆ ಹಡಗು ಮಾಲಿನ್ಯದ ಅಂತರರಾಷ್ಟ್ರೀಯ ನಿಯಮದಂತೆ ನೈಟ್ರೋಜನ್ ಆಕ್ಸೈಡ್ ಮಿತಿ ಇದೆ. ಅದರ ಪ್ರಮಾಣಪತ್ರವನ್ನು ಮಾರಾಟಗಾರರಿಂದ ಕೇಳಿ ಪಡೆಯಿರಿ.

ಹಳೆಯ ಪ್ರೊಪೆಲ್ಲರಿಗೆ ಹೊಸ ಎಂಜಿನ್ ಕಟ್ಟುವುದೇ ದೊಡ್ಡ ತಪ್ಪು. ಹೊಸ ಎಂಜಿನ್ನಿನ ಗರಿಷ್ಠ ಆರ್‌ಪಿಎಂ 1,800, ಗೇರ್ ಅನುಪಾತ 3:1 ಆದರೆ ಶಾಫ್ಟ್ 600 ಸುತ್ತುತ್ತದೆ. ಆ ಸುತ್ತಿಗೆ ಪ್ರೊಪೆಲ್ಲರಿನ ವ್ಯಾಸ, ಪಿಚ್ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) ಹೊಂದದಿದ್ದರೆ ಹೊಸ ಎಂಜಿನ್ನೂ ಮೊದಲ ದಿನದಿಂದಲೇ ಕಪ್ಪು ಹೊಗೆ ಉಗುಳುತ್ತದೆ. ದರಪಟ್ಟಿಯಲ್ಲಿ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಲೆಕ್ಕಾಚಾರ, ಎಕ್ಸಾಸ್ಟ್ ಪೈಪು, ನೀರು ಬೇರ್ಪಡಿಸುವ ಡೀಸೆಲ್ ಫಿಲ್ಟರ್ ನಾಲ್ಕೂ ಸೇರಿರಲಿ. ಎಕ್ಸಾಸ್ಟ್ ಪೈಪು ತಯಾರಕರು ಹೇಳಿದ್ದಕ್ಕಿಂತ ಸಣ್ಣದಾದರೆ ಹೊಗೆ ಹೊರಹೋಗದೆ ಎಂಜಿನ್ ಉಸಿರು ಕಟ್ಟುತ್ತದೆ.

ಕೂರಿಸುವುದು

ಎಂಜಿನ್ ಬೆಡ್ಡಿನ ಮರ ಕೊಳೆತಿದ್ದರೆ, ಫೈಬರ್ ಬಿರುಕು ಬಿಟ್ಟಿದ್ದರೆ ಈಗಲೇ ಸರಿಪಡಿಸಿ. ಶಾಫ್ಟ್ ಜೋಡಣೆಯನ್ನು ದಡದ ಮೇಲೆ ಮಾಡಿ ಮುಗಿಸಬೇಡಿ. ನೀರಿಗಿಳಿದ ಮೇಲೆ ಬೋಟಿನ ಮೈ ಸ್ವಲ್ಪ ಬಾಗುತ್ತದೆ. ಕನಿಷ್ಠ ಒಂದು ಹಗಲು ರಾತ್ರಿ ತೇಲಲು ಬಿಟ್ಟು, ಗೇರ್‌ಬಾಕ್ಸ್ ಮತ್ತು ಶಾಫ್ಟ್ ಸೇರುವ ಕಪ್ಲಿಂಗಿನ ಬೋಲ್ಟ್ ಬಿಚ್ಚಿ, ನಡುವಿನ ಸಂದನ್ನು ಫೀಲರ್ ಗೇಜಿನಿಂದ ನಾಲ್ಕೂ ಕಡೆ ಅಳೆಯಿರಿ. 6 ಇಂಚಿನ ಕಪ್ಲಿಂಗಿಗೆ 0.15 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಬಂದರೆ ಬೇರಿಂಗ್, ಗ್ಲ್ಯಾಂಡ್, ಗೇರ್‌ಬಾಕ್ಸ್ ಸೀಲ್ ಒಂದೊಂದಾಗಿ ಹೋಗುತ್ತವೆ.

ಸಮುದ್ರ ಪರೀಕ್ಷೆಯಲ್ಲಿ ಬಲೆ, ಐಸ್, ಡೀಸೆಲ್ ತುಂಬಿಕೊಂಡು ಪೂರ್ತಿ ಥ್ರಾಟಲ್ ಕೊಡಿ. 1,800 ಮುಟ್ಟಬೇಕಾದದ್ದು 1,600ಕ್ಕೇ ನಿಂತರೆ ಪಿಚ್ ಹೆಚ್ಚು, ಪ್ರೊಪೆಲ್ಲರ್ ತಿದ್ದಿಸಿ. ಸರಾಗವಾಗಿ 1,800 ದಾಟಿ ವೇಗಕ್ಕೆ ಮಿತಿ ಹಾಕುವ ಗವರ್ನರಿಗೆ ತಾಗುತ್ತಿದ್ದರೆ ಪಿಚ್ ಕಡಿಮೆ.

ಹಳೆಯದು ಮತ್ತೆ ಓಡಬಾರದು

ಹಳೆಯ ಎಂಜಿನ್ನನ್ನು ಇನ್ನೊಂದು ಬೋಟಿಗೆ ಮಾರಿದರೆ ಹೊಗೆ ಕಾರವಾರದಿಂದ ಕುಮಟೆಗೆ ಹೋಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2005ರ ಕಾಯ್ದೆಯೊಂದರ ಅಡಿ ಕೊಡುವ ಡೀಸೆಲ್ ಅನುದಾನದಲ್ಲಿ ಇದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ: ಬದಲಿಸಿದ 90 ದಿನದೊಳಗೆ ಹಳೆಯ ಎಂಜಿನ್ನಿನ ಬ್ಲಾಕಿಗೆ 3 ಇಂಚಿನ ತೂತು ಕೊರೆದು, ಫೋಟೊ ತೆಗೆದು ಕಡತಕ್ಕೆ ಸೇರಿಸಬೇಕು. ಇಲ್ಲಿ ಕೇಳಲಿ, ಬಿಡಲಿ, ಹಾಗೆ ಮಾಡುವುದೇ ಸರಿ. ಆಯಿಲನ್ನು ಮೊದಲು ಡಬ್ಬಕ್ಕೆ ಇಳಿಸಿ. ಬೋಟಿನ ತಳದ ಬಿಲ್ಜಿಗೆ ಬಿಟ್ಟರೆ ಅದು ಅಳಿವೆಗೇ ಸೇರುತ್ತದೆ. ಎಂಜಿನ್ ನಂಬರ್ ಕಾಣುವ ಫೋಟೊ, ಗುಜರಿಯವರ ರಸೀದಿ ಎರಡನ್ನೂ ಇಟ್ಟುಕೊಳ್ಳಿ.

ಕೊನೆಗೆ ನೋಂದಣಿ ಪತ್ರ, ವಿಮೆ, ಕರರಹಿತ ಡೀಸೆಲ್ ಪಾಸ್‌ಬುಕ್ ಮೂರರಲ್ಲೂ ಹೊಸ ಎಂಜಿನ್ ನಂಬರ್, ಎಚ್‌ಪಿ ತಿದ್ದಿಸಿ. ಪರಿಶೀಲನೆಗೆ ಬಂದವರು ಬ್ಲಾಕಿನ ಮೇಲಿನ ನಂಬರನ್ನು ಬಿಲ್ಲಿನ ನಂಬರಿಗೆ ತಾಳೆ ನೋಡುತ್ತಾರೆ. ಬಣ್ಣ ಬಳಿಯುವಾಗ ಆ ಫಲಕವನ್ನು ಮುಚ್ಚಬೇಡಿ.