‘ಅಲ್ಲಿ ಯಾವ ಬ್ಯಾಂಕು ಗಟ್ಟಿ?’: ಬ್ರಿಟನ್ನಿಗೆ ಹೊರಟ ಮಲೆನಾಡಿಗರಿಗೆ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಇಂಗ್ಲೆಂಡಿಗೆ ಹೊರಟ ಮಕ್ಕಳ ಮನೆಗೆ ಹೋದರೆ ನನಗೆ ಎದುರಾಗುವ ಮೊದಲ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ತಂದೆ. ಎರಡು ವರ್ಷದ ಅಡಿಕೆ ಮಾರಿದ ದುಡ್ಡು, ಅದರ ಮೇಲೆ ಶಿಕ್ಷಣ ಸಾಲ, ಎಲ್ಲವೂ ಕಾಣದ ಊರಿನ ಕಾಣದ ಬ್ಯಾಂಕಿಗೆ ಹೋಗಬೇಕು. ಸಹಕಾರ ಸಂಘ ಬಾಗಿಲು ಹಾಕಿದಾಗ ಠೇವಣಿದಾರರು ಪಡುವ ಪಾಡು ಬಲ್ಲವರು ಆ ಪ್ರಶ್ನೆಯನ್ನು ಸುಮ್ಮನೆ ಕೇಳುವುದಿಲ್ಲ. ಹದಿನಾರು ವರ್ಷ ಬ್ರಿಟನ್ನಿನಲ್ಲಿದ್ದು, ಅದರಲ್ಲಿ ಬಹುಪಾಲನ್ನು ಗೃಹಸಾಲದ ವಿಭಾಗದಲ್ಲೇ ಕಳೆದ ನನಗೆ ಅಂಗಳದಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಏಕೆಂದರೆ 2008ರ ಆರ್ಥಿಕ ಬಿಕ್ಕಟ್ಟಿನ ಮೇಲೆ ಅಲ್ಲಿ ಆ ಪ್ರಶ್ನೆಯೇ ಬದಲಾಗಿದೆ. ಯಾವ ಬ್ಯಾಂಕು ಗಟ್ಟಿ ಎಂದು ನೋಡುವ ಮೊದಲು ಯಾವ ಪರವಾನಗಿಯಡಿ, ಯಾರ ಹೆಸರಿನಲ್ಲಿ, ಎಷ್ಟು ಹಣ ಇದೆ ಎಂದು ನೋಡಬೇಕು.

2007ರ ಸೆಪ್ಟೆಂಬರ್ 14ರ ಬೆಳಿಗ್ಗೆ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಸಾಲುಗಟ್ಟಿದರು. ಠೇವಣಿದಾರರು ಹೀಗೆ ಬ್ಯಾಂಕಿಗೆ ಮುಗಿಬಿದ್ದದ್ದು ಬ್ರಿಟನ್ನಿನಲ್ಲಿ 1866ರಿಂದೀಚೆಗೆ ಅದೇ ಮೊದಲು. ಆ ಬ್ಯಾಂಕು ಎಡವಿದ್ದೆಲ್ಲಿ ಎಂಬುದು ಶಿವಮೊಗ್ಗದ ಮಂಡಿ ವ್ಯವಹಾರ ಬಲ್ಲವರಿಗೆ ಕೂಡಲೇ ಅರ್ಥವಾಗುತ್ತದೆ. ತಿಂಗಳಿಗೊಮ್ಮೆ ತೀರಿಸಬೇಕಾದ ಕೈಗಡ ತಂದು, ಬೆಳೆಗಾರನಿಗೆ ಮುಂದಿನ ಕೊಯ್ಲಿನವರೆಗೆ ಮುಂಗಡ ಕೊಡುವ ಸಾಹುಕಾರನನ್ನು ಊಹಿಸಿಕೊಳ್ಳಿ. ಕೈಗಡ ಸಿಗುವ ತನಕ ಮಾತ್ರ ಅವನು ಸಾಹುಕಾರ. ನಾರ್ದರ್ನ್ ರಾಕ್ ಹಣದ ಮಾರುಕಟ್ಟೆಯಿಂದ ಅಲ್ಪಾವಧಿಯ ಸಾಲ ಎತ್ತಿ, ಇಪ್ಪತ್ತೈದು ವರ್ಷದ ಗೃಹಸಾಲ ಕೊಡುತ್ತಿತ್ತು. ಅಮೆರಿಕದಲ್ಲಿ ಗೃಹಸಾಲಗಳು ಕೆಟ್ಟ ಸುದ್ದಿ ಹಬ್ಬಿದ ಆ ಬೇಸಿಗೆಯಲ್ಲಿ ಕೈಗಡ ನಿಂತುಹೋಯಿತು.

ಸಾಲಿನಲ್ಲಿ ನಿಂತವರ ಲೆಕ್ಕ ಸರಿಯಾಗಿಯೇ ಇತ್ತು ಎಂದು ನಾನು ಇಂದಿಗೂ ವಾದಿಸುತ್ತೇನೆ. ಆಗ ಠೇವಣಿಯ ರಕ್ಷಣೆ ಮೊದಲ 2,000 ಪೌಂಡಿಗೆ ಪೂರ್ತಿ, ಅದರ ಮೇಲಿನ 33,000 ಪೌಂಡಿಗೆ ಶೇಕಡ 90 ಮಾತ್ರ. ಹತ್ತರಲ್ಲಿ ಒಂದು ಪಾಲು ಮುಳುಗುವ ಭಯವಿದ್ದರೆ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುವವನೇ ಜಾಣ. ಸರ್ಕಾರ ಎಲ್ಲ ಠೇವಣಿಗೂ ತಾನೇ ಹೊಣೆ ಎಂದ ಮೇಲೆಯೇ ಸಾಲು ಕರಗಿತು. ಈ ಪಾಠದಿಂದ ರಕ್ಷಣೆಯ ಮಿತಿ 2008ರ ಅಕ್ಟೋಬರ್‌ನಲ್ಲಿ 50,000 ಪೌಂಡಿಗೆ, 2010ರ ಕೊನೆಗೆ 85,000 ಪೌಂಡಿಗೆ ಏರಿತು. 2025ರ ಡಿಸೆಂಬರ್ 1ರಿಂದ ಅದು 1,20,000 ಪೌಂಡ್, ಅಷ್ಟಕ್ಕೂ ಪೂರ್ತಿ ರಕ್ಷಣೆ. ನಮ್ಮಲ್ಲಿ 2020ರಲ್ಲಿ ಒಂದು ಲಕ್ಷದಿಂದ ಐದು ಲಕ್ಷ ರೂಪಾಯಿಗೆ ಏರಿದ ಠೇವಣಿ ವಿಮೆಯ ಹಾಗೆಯೇ ಇದು. ಅಲ್ಲಿ ಇದನ್ನು ನಡೆಸುವ ಸಂಸ್ಥೆಯನ್ನು ಎಫ್‌ಎಸ್‌ಸಿಎಸ್ ಎಂದು ಕರೆಯುತ್ತಾರೆ.

ಮಿತಿಯ ಅಂಕಿಗಿಂತ ಅದರ ಒಳಗಿನ ಮಾತು ಮುಖ್ಯ. ಈ ರಕ್ಷಣೆ ಒಬ್ಬ ವ್ಯಕ್ತಿಗೆ, ಒಂದು ಬ್ಯಾಂಕಿಂಗ್ ಪರವಾನಗಿಗೆ ಲೆಕ್ಕ. ಹ್ಯಾಲಿಫ್ಯಾಕ್ಸ್ ಮತ್ತು ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ ಎರಡು ಫಲಕಗಳಾದರೂ ಪರವಾನಗಿ ಒಂದೇ. ಎರಡರಲ್ಲೂ ಹಣ ಇಟ್ಟರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ. ಎಚ್‌ಎಸ್‌ಬಿಸಿ ಮತ್ತು ಫಸ್ಟ್ ಡೈರೆಕ್ಟ್ ಕೂಡ ಹಾಗೆಯೇ. ಗಂಡಹೆಂಡಿರ ಜಂಟಿ ಖಾತೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಲೆಕ್ಕ ಸಿಗುತ್ತದೆ. ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಇನ್ನೊಂದು. ಮೊಬೈಲ್‌ನಲ್ಲಿ ಐದು ನಿಮಿಷಕ್ಕೆ ತೆರೆಯುವ ಖಾತೆಗಳಲ್ಲಿ ಕೆಲವು ಬ್ಯಾಂಕೇ ಅಲ್ಲ, ಎಲೆಕ್ಟ್ರಾನಿಕ್ ಹಣದ ಸಂಸ್ಥೆಗಳು. ನಿಮ್ಮ ಹಣವನ್ನು ಅವು ಬೇರೆಯಾಗಿ ತೆಗೆದಿಡಬೇಕೆಂಬ ನಿಯಮವಿದೆ, ಆದರೆ ಸಂಸ್ಥೆ ಮುಳುಗಿದರೆ ಎಫ್‌ಎಸ್‌ಸಿಎಸ್ ಪರಿಹಾರ ಸಿಗುವುದಿಲ್ಲ. ಊರಿಗೆ ಹಣ ಕಳುಹಿಸಲು ಅವು ಅನುಕೂಲ. ಇಡೀ ವರ್ಷದ ಶುಲ್ಕವನ್ನು ಅಲ್ಲಿ ಇಡಬೇಡಿ.

ಬಿಕ್ಕಟ್ಟಿನ ಎರಡನೆಯ ಪಾಠಕ್ಕೆ ನಮ್ಮಲ್ಲಿ ಹೆಸರು ಸಿದ್ಧವಾಗಿದೆ: ಅಗಳು. ತೋಟಕ್ಕೆ ದನ ನುಗ್ಗದಂತೆ ಸುತ್ತ ತೋಡುವ ಆಳದ ಕಂದಕ. ರಾಯಲ್ ಬ್ಯಾಂಕ್ ಆಫ್ ಸ್ಕಾಟ್‌ಲೆಂಡ್ ಕುಸಿದಾಗ ಸರ್ಕಾರ 4,550 ಕೋಟಿ ಪೌಂಡ್ ಸುರಿದು ಅದರ ಷೇರು ಕೊಳ್ಳಬೇಕಾಯಿತು. ಜಗತ್ತಿನ ಸಟ್ಟಾ ವ್ಯವಹಾರ ಮತ್ತು ಗ್ಲಾಸ್ಗೋದ ಅಜ್ಜಿಯ ಉಳಿತಾಯ ಒಂದೇ ತೋಟದಲ್ಲಿದ್ದುದರಿಂದ ಅದನ್ನು ಮುಳುಗಲು ಬಿಡುವ ಹಾಗಿರಲಿಲ್ಲ. ಜನರಿಗೆ ಸೇರಿದ ಆ ಪಾಲಿನ ಕೊನೆಯ ಷೇರು ಮಾರಾಟವಾದದ್ದು 2025ರ ಮೇ ತಿಂಗಳಲ್ಲಿ. ಹದಿನೇಳು ವರ್ಷ ಬೇಕಾಯಿತು. ಇಂಥದ್ದು ಮತ್ತೆ ಆಗದಿರಲೆಂದು 2013ರ ಕಾಯ್ದೆ ದೊಡ್ಡ ಬ್ಯಾಂಕುಗಳಿಗೆ ಅಗಳು ತೋಡಿಸಿತು. 2019ರ ಜನವರಿ 1ರಿಂದ ಜನಸಾಮಾನ್ಯರ ಠೇವಣಿಯ ಬ್ಯಾಂಕು ಬೇರೆ ಕಂಪನಿ, ಹೂಡಿಕೆಯ ವ್ಯವಹಾರ ಬೇರೆ ಕಂಪನಿ. ಮೊದಲು 2,500 ಕೋಟಿ ಪೌಂಡ್ ಠೇವಣಿ ದಾಟಿದ ಬ್ಯಾಂಕಿಗೆ ಅನ್ವಯಿಸುತ್ತಿದ್ದ ನಿಯಮ ಈಗ 3,500 ಕೋಟಿ ದಾಟಿದವಕ್ಕೆ ಮಾತ್ರ. ಅಗಳನ್ನೇ ಮುಚ್ಚಬೇಕೆಂದು ದೊಡ್ಡ ಬ್ಯಾಂಕುಗಳು ಒತ್ತಾಯಿಸುತ್ತಿವೆ. ದನ ನುಗ್ಗಿ ಬಹಳ ವರ್ಷವಾಯಿತು ಎಂಬುದು ಅಗಳು ಮುಚ್ಚಲು ಕಾರಣವಾಗುವುದಾದರೆ, ಅಗಳು ತೋಡಿದ್ದು ಏಕೆಂದು ಯಾರೂ ಕೇಳಿಕೊಂಡಿಲ್ಲ ಎಂದಾಯಿತು.

ಸಂಬಳ ಮತ್ತು ಬೋನಸ್

ಲಂಡನ್ನಿನ ಬ್ಯಾಂಕುಗಳಲ್ಲಿ ಈಗ ನಮ್ಮ ಹುಡುಗರು ಹುಡುಗಿಯರು ಸಾಕಷ್ಟಿದ್ದಾರೆ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಸಾಲ ಕೊಟ್ಟ ವರ್ಷ ಅದು ಲಾಭದಂತೆಯೇ ಕಾಣುತ್ತದೆ. ಅದು ಕೆಡುವುದು ನಾಲ್ಕೈದು ವರ್ಷದ ಮೇಲೆ. 2008ರ ಮುಂಚೆ ಬೋನಸ್ ಮಾತ್ರ ಆ ವರ್ಷವೇ ನಗದಾಗಿ ಕೈ ಸೇರುತ್ತಿತ್ತು. ಅಡಿಕೆ ಸಸಿ ನೆಟ್ಟ ದಿನವೇ ಫಸಲಿನ ಪಾಲು ಎಣಿಸಿಕೊಂಡು ಹೋಗುವವನನ್ನು ನಾವು ತೋಟಕ್ಕೆ ಸೇರಿಸುವುದಿಲ್ಲ. ಗಿಡ ಫಲ ಕೊಡಲು ಐದಾರು ವರ್ಷ ಬೇಕೆಂದು ನಮಗೆ ಗೊತ್ತು. ಐರೋಪ್ಯ ಒಕ್ಕೂಟ 2014ರಿಂದ ಬೋನಸ್ಸಿಗೆ ಮಿತಿ ಹಾಕಿತು. ಅದು ನಿಗದಿತ ಸಂಬಳದಷ್ಟು, ಷೇರುದಾರರು ಒಪ್ಪಿದರೆ ಅದರ ಎರಡರಷ್ಟು. ಬ್ಯಾಂಕುಗಳು ನಿಗದಿತ ಸಂಬಳವನ್ನೇ ಏರಿಸಿ, ಹೊಸ ಹೊಸ ಭತ್ಯೆ ಸೃಷ್ಟಿಸಿ ಅದನ್ನು ದಾಟಿದವು. ಒಕ್ಕೂಟದಿಂದ ಹೊರಬಂದ ಬ್ರಿಟನ್ 2023ರ ಅಕ್ಟೋಬರ್ 31ರಿಂದ ಆ ಮಿತಿಯನ್ನು ತೆಗೆದುಹಾಕಿತು. ಅದಕ್ಕೆ ನನಗೆ ಬೇಸರವಿಲ್ಲ. ನಷ್ಟದ ವರ್ಷದಲ್ಲಿ ಬೋನಸ್ಸನ್ನು ಇಳಿಸಬಹುದು, ನಿಗದಿತ ಸಂಬಳವನ್ನು ಇಳಿಸಲಾಗುವುದಿಲ್ಲ.

ಅಸಲು ಕಾವಲು ಇದ್ದದ್ದು ಮುಂದೂಡಿಕೆಯಲ್ಲಿ. ಅಪಾಯದ ತೀರ್ಮಾನ ಮಾಡುವ ಹಿರಿಯರ ಬೋನಸ್ಸಿನ ದೊಡ್ಡ ಭಾಗವನ್ನು ಷೇರುಗಳ ರೂಪದಲ್ಲಿ ಹಿಡಿದಿಟ್ಟು, ಕೊಟ್ಟದ್ದನ್ನೂ ಏಳು ವರ್ಷದವರೆಗೆ ಹಿಂದಕ್ಕೆ ಕೇಳುವ ಅಧಿಕಾರವನ್ನು 2015ರಲ್ಲಿ ತಂದರು. ಅತಿ ಹಿರಿಯರು ಪೂರ್ತಿ ಬೋನಸ್ ಕಾಣಲು ಏಳೆಂಟು ವರ್ಷ ಕಾಯಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ಆ ಕಾಯುವಿಕೆಯನ್ನು ನಾಲ್ಕು ವರ್ಷಕ್ಕೆ ಇಳಿಸಿದರು. ಇದು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಾನು ಕಂಡ ಕೆಟ್ಟ ಸಾಲಗಳಲ್ಲಿ ಬಹಳಷ್ಟು ಐದನೆಯ ವರ್ಷದಲ್ಲಿ ಕಣ್ಣಿಗೆ ಬಿದ್ದವು, ಅಷ್ಟು ಹೊತ್ತಿಗೆ ಕೊಟ್ಟವರು ಬೇರೆ ಕಡೆ ಸೇರಿದ್ದರು.

ತಂತ್ರಾಂಶ, ಲೆಕ್ಕಪತ್ರ, ಗ್ರಾಹಕ ಸೇವೆಯಲ್ಲಿರುವವರಿಗೆ ಈ ಕಟ್ಟುಗಳು ಬಹುತೇಕ ತಟ್ಟುವುದಿಲ್ಲ. ಆದರೆ ಕೆಲಸದ ಪತ್ರದಲ್ಲಿ ಬೋನಸ್ ‘ವಿವೇಚನೆಗೆ ಬಿಟ್ಟದ್ದು’ ಎಂದು ಬರೆದಿದ್ದರೆ ಅದನ್ನು ನಂಬಿ ಮನೆ ಕೊಳ್ಳುವ ಲೆಕ್ಕ ಹಾಕಬೇಡಿ. ಸಾಲ ಕೊಡುವ ಹಲವು ಬ್ಯಾಂಕುಗಳು ಬೋನಸ್ಸಿನ ಅರ್ಧವನ್ನಷ್ಟೇ, ಅದೂ ಎರಡು ವರ್ಷದ ದಾಖಲೆ ಇದ್ದರೆ ಮಾತ್ರ, ಆದಾಯವೆಂದು ಹಿಡಿಯುತ್ತವೆ.

ಕೌಂಟರಿನಲ್ಲಿ ಕೂತವರ ಕಮಿಷನ್ನಿನ ಕಥೆಯೂ ಒಂದಿದೆ. ಸಾಲದ ಜೊತೆ ಬೇಡದ ಪಾವತಿ ವಿಮೆಯನ್ನು ಲಕ್ಷಾಂತರ ಜನರ ತಲೆಗೆ ಕಟ್ಟಿ, ಬ್ಯಾಂಕುಗಳು ಕೊನೆಗೆ 3,800 ಕೋಟಿ ಪೌಂಡಿಗೂ ಹೆಚ್ಚು ಪರಿಹಾರ ಕೊಟ್ಟವು. ಸಾಲಕ್ಕೆ ಸಹಿ ಹಾಕುವಾಗ ಜೊತೆಗೆ ಬೇರೆ ಕಾಗದ ಬಂದರೆ ಮನೆಗೆ ತಂದು ಓದಿ.

ಸಾಲ

ನಮ್ಮಲ್ಲಿ ಪಿಗ್ಮಿ ಕಟ್ಟಿಸಿಕೊಳ್ಳಲು ದಿನವೂ ಬರುವವರಿಗೆ ನಮ್ಮ ಮನೆಯ ಸ್ಥಿತಿ ಪೂರ್ತಿ ಗೊತ್ತು. ಸೊಸೈಟಿಯ ಕಾರ್ಯದರ್ಶಿಗೆ ನಮ್ಮ ಅಜ್ಜನೂ ಗೊತ್ತು. ಅಲ್ಲಿ ನಿಮ್ಮನ್ನು ಬಲ್ಲವರು ಯಾರೂ ಇಲ್ಲ. ಬಲ್ಲದ್ದು ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳ ಕಡತ. ಭಾರತದಲ್ಲಿ ನೀವು ಕಟ್ಟಿದ ಕಂತುಗಳು ಆ ಕಡತಕ್ಕೆ ಬರುವುದಿಲ್ಲ. ಹೋದ ಮೊದಲ ತಿಂಗಳಲ್ಲೇ ಮಾಡಬೇಕಾದ ಕೆಲಸ ಮತದಾರರ ಪಟ್ಟಿಗೆ ಹೆಸರು ಸೇರಿಸುವುದು. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿ, ವೀಸಾ ಮೇಲೆ ಬಂದ ಭಾರತೀಯರಿಗೂ ಅಲ್ಲಿ ಮತದಾನದ ಹಕ್ಕಿದೆ. ನಮ್ಮವರಲ್ಲಿ ಎಷ್ಟೋ ಜನರಿಗೆ ಇದು ತಿಳಿಯದೆ ವರ್ಷಗಳು ಕಳೆದುಹೋಗುತ್ತವೆ. ಪಟ್ಟಿಯಲ್ಲಿ ಹೆಸರು, ಅದೇ ವಿಳಾಸಕ್ಕೆ ಮೊಬೈಲ್ ಕರಾರು, ಪ್ರತಿ ತಿಂಗಳು ಪೂರ್ತಿ ತೀರಿಸುವ ಚಿಕ್ಕ ಕ್ರೆಡಿಟ್ ಕಾರ್ಡ್: ಕಡತ ಬೆಳೆಯುವುದು ಹೀಗೆ. ಒಂದೇ ವಾರ ನಾಲ್ಕು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಆ ಗುರುತೂ ಅಲ್ಲಿ ಉಳಿಯುತ್ತದೆ.

ಬಿಕ್ಕಟ್ಟಿನ ಮುಂಚೆ ಸಂಬಳದ ಪುರಾವೆಯೇ ಇಲ್ಲದೆ, ‘ನನ್ನ ಆದಾಯ ಇಷ್ಟು’ ಎಂದು ಬರೆದುಕೊಟ್ಟರೆ ಗೃಹಸಾಲ ಸಿಗುತ್ತಿತ್ತು. ನಾರ್ದರ್ನ್ ರಾಕ್ ಮನೆಯ ಬೆಲೆಯ ಶೇಕಡ 125ರವರೆಗೂ ಕೊಟ್ಟಿತ್ತು. 2014ರ ಏಪ್ರಿಲ್ 26ರ ನಿಯಮಗಳು ಸ್ವಯಂ ಘೋಷಣೆಯ ಸಾಲವನ್ನು ನಿಲ್ಲಿಸಿದವು, ತೀರಿಸುವ ಶಕ್ತಿ ಇದೆಯೇ ಎಂದು ನೋಡುವ ಹೊಣೆಯನ್ನು ಬ್ಯಾಂಕಿನ ಮೇಲೆ ಹಾಕಿದವು. ಅದೇ ವರ್ಷ, ವಾರ್ಷಿಕ ಆದಾಯದ ನಾಲ್ಕೂವರೆ ಪಟ್ಟು ಮುಟ್ಟುವ ಸಾಲಗಳು ಹೊಸ ಗೃಹಸಾಲಗಳಲ್ಲಿ ಶೇಕಡ 15ನ್ನು ಮೀರಬಾರದೆಂಬ ಮಿತಿಯೂ ಬಂತು. 40,000 ಪೌಂಡ್ ಸಂಬಳಕ್ಕೆ 1,80,000 ಪೌಂಡ್ ಎಂದು ಲೆಕ್ಕ ಹಿಡಿಯಿರಿ. 2025ರಲ್ಲಿ ಆ ಮಿತಿಯನ್ನು ಒಂದೊಂದು ಬ್ಯಾಂಕಿಗೂ ಬಿಗಿಯಾಗಿ ಹಿಡಿಯದೆ ಸ್ವಲ್ಪ ಸಡಿಲಿಸಿದ್ದಾರೆ, ಹೆಚ್ಚು ಪಟ್ಟು ಕೊಡುವ ಜಾಹೀರಾತುಗಳು ಕಾಣಿಸುತ್ತಿವೆ. ಕೊಡುತ್ತಾರೆಂದು ತೆಗೆದುಕೊಳ್ಳುವ ಮುಂಚೆ ಬಡ್ಡಿಯ ದಾರಿ ನೆನಪಿರಲಿ. ಅಲ್ಲಿಯ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡಿನ ದರ 2009ರ ಮಾರ್ಚ್‌ನಿಂದ ಶೇಕಡ 0.5ರಲ್ಲಿ ಏಳು ವರ್ಷಕ್ಕೂ ಹೆಚ್ಚು ಮಲಗಿತ್ತು, 2020ರಲ್ಲಿ 0.1ಕ್ಕೆ ಇಳಿಯಿತು, 2023ರ ಆಗಸ್ಟ್‌ನಲ್ಲಿ 5.25ಕ್ಕೆ ನೆಗೆಯಿತು. ಅಲ್ಲಿ ಬಡ್ಡಿಯನ್ನು ಸಾಮಾನ್ಯವಾಗಿ ಎರಡು ಅಥವಾ ಐದು ವರ್ಷಕ್ಕೆ ಮಾತ್ರ ಕಟ್ಟಿಹಾಕುತ್ತಾರೆ. ಆ ಅವಧಿ ಮುಗಿದ ತಿಂಗಳೇ ಕಂತು ಏರಿ ಕಂಗಾಲಾದ ಕುಟುಂಬಗಳನ್ನು ನಾನು ಕಂಡಿದ್ದೇನೆ.

ನನ್ನ ಸ್ವಂತ ಅರ್ಜಿಯಲ್ಲಿ ಸಿಕ್ಕಿಕೊಂಡದ್ದು ಬೇರೆಯೇ. ಅಮ್ಮನ ಖಾತೆಗೆ ಪ್ರತಿ ತಿಂಗಳು ಕಳುಹಿಸುತ್ತಿದ್ದ 300 ಪೌಂಡನ್ನು ಆ ಬ್ಯಾಂಕು ಕಂತಿನಂತೆಯೇ ಖರ್ಚಿಗೆ ಹಿಡಿದು, ನಾನು ಕೇಳಿದ್ದಕ್ಕಿಂತ ಕಡಿಮೆ ಸಾಲ ಕೊಟ್ಟಿತು. ಕಳುಹಿಸುವುದನ್ನು ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ಮೊತ್ತವನ್ನು ನೀವೇ ಮೊದಲು ಕಳೆದು ಲೆಕ್ಕ ಹಾಕಿಕೊಳ್ಳಿ.

ಬ್ಯಾಂಕು ತಪ್ಪು ಮಾಡಿತೆಂದು ಅನ್ನಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಿ. ಎಂಟು ವಾರದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಹಣಕಾಸು ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಬ್ಯಾಂಕಿನ ಅಂತಿಮ ಉತ್ತರ ಬಂದ ಆರು ತಿಂಗಳೊಳಗೆ ಹೋಗಬೇಕು ಎಂಬುದು ಮರೆಯಬಾರದು.

ಈಗ ಊರಿನಲ್ಲಿರುವ ತಂದೆತಾಯಿಗೆ ಒಂದು ಮಾತು. ನಾಲ್ಕು ವರ್ಷದ ಮೇಲೆ ಮಗಳು ಮನೆ ಕೊಳ್ಳುವಾಗ ನೀವು ಮುಂಗಡಕ್ಕೆ ಹಣ ಕಳುಹಿಸಿದರೆ, ಇದು ಉಡುಗೊರೆ, ಹಿಂದಕ್ಕೆ ಕೇಳುವುದಿಲ್ಲ ಎಂದು ಬ್ಯಾಂಕು ನಿಮ್ಮಿಂದ ಬರೆಸಿಕೊಳ್ಳುತ್ತದೆ. ಆ ಹಣ ಎಲ್ಲಿಂದ ಬಂತು ಎಂದು ಅಲ್ಲಿಯ ವಕೀಲರು ಕೇಳುತ್ತಾರೆ. ‘ಅಡಿಕೆಯದ್ದು’ ಎಂಬ ಉತ್ತರ ಸಾಲದು. ಚೀಟಿಯ ಮೇಲೆ ನಡೆದು ನಗದಾಗಿ ಮುಗಿದ ವ್ಯಾಪಾರಕ್ಕೆ ಅಲ್ಲಿ ಬೆಲೆಯೇ ಇಲ್ಲ. ಚೊಕ್ಕ ದುಡ್ಡನ್ನೂ ಅನುಮಾನದ ದುಡ್ಡಿನಂತೆ ಪಕ್ಕಕ್ಕೆ ಇಡುತ್ತಾರೆ. ತೋಟದ ಪಹಣಿ, ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್ ಅಥವಾ ಮಂಡಿಯ ಪಕ್ಕಾ ಬಿಲ್ಲು, ಆ ಬಿಲ್ಲಿನ ಹಣ ನಿಮ್ಮ ಖಾತೆಗೆ ಜಮೆಯಾದ ಪಾಸ್‌ಬುಕ್ ಪುಟ, ಈ ಮೂರನ್ನೂ ಒಂದೇ ಕಡತದಲ್ಲಿ ಎತ್ತಿಡಿ. ಕನ್ನಡದಲ್ಲಿರುವ ಪಹಣಿಗೆ ಇಂಗ್ಲಿಷ್ ಅನುವಾದವೂ ಬೇಕಾಗುತ್ತದೆ. ಈ ಸಲದ ಕೊಯ್ಲಿನ ಬಿಲ್ಲಿನಿಂದಲೇ ಶುರುಮಾಡಿ.