ಪೀಣ್ಯದಲ್ಲಿ ಶೆಡ್ ಕೊಳ್ಳುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿದ್ದು

ನಮ್ಮ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಲೋಹ ಕೊರೆಯುವ) ಘಟಕಕ್ಕೆ ಬೆಂಗಳೂರಿನ ಪೀಣ್ಯದಲ್ಲೇ ಸ್ವಂತ ಶೆಡ್ ಹುಡುಕುತ್ತಿದ್ದೆ. ಒಂದು ಇಷ್ಟವಾಯಿತು. ವಕೀಲರು ಮೂಲಪತ್ರ, ಇಸಿ (ಋಣಭಾರ ಪತ್ರ), ಖಾತೆ, ತೆರಿಗೆ ರಸೀದಿ ಎಲ್ಲ ನೋಡಿ ಕಾಗದಪತ್ರ ಸರಿಯಾಗಿವೆ ಎಂದರು. ಆದರೆ ನೆಲದೊಳಗೆ ಏನಿದೆ ಎಂದು ಆ ಕಾಗದಗಳು ಹೇಳುವುದಿಲ್ಲ. ಪೀಣ್ಯದಲ್ಲಿ ಆ ಪ್ರಶ್ನೆ ಕೇಳಲೇಬೇಕು. ದಶಕಗಳಿಂದ ಇಲ್ಲಿ ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ ಹರಿಸಿ ಲೋಹದ ಲೇಪ ಕೊಡುವ ಕೆಲಸ) ನಡೆದಿದೆ, ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿದೆ.

ಇಸಿಯನ್ನೇ ನಾನು ಇನ್ನೊಮ್ಮೆ ಓದಿದೆ. ಈ ಸಲ ಸಾಲ, ಮಾರಾಟ ಬಿಟ್ಟು ನೋಂದಣಿಯಾದ ಬಾಡಿಗೆ ಕರಾರುಗಳನ್ನು ಮಾತ್ರ ನೋಡಿದೆ. "ಬರೀ ಗೋಡೌನ್ ಇತ್ತು ಸಾರ್" ಎಂದಿದ್ದರು ಮಾಲೀಕರು. ಹಳೆಯ ಒಬ್ಬ ಬಾಡಿಗೆದಾರರ ಹೆಸರಿನಲ್ಲೇ 'ಪ್ಲೇಟರ್ಸ್' ಎಂದಿತ್ತು. ಪಕ್ಕದ ಟೀ ಅಂಗಡಿಯವರನ್ನು ಕೇಳಿದಾಗ, ಕ್ರೋಮ್ ಕೆಲಸ ವರ್ಷಗಟ್ಟಲೆ ನಡೆದಿತ್ತು, ಮಳೆ ಬಂದರೆ ಹಿಂದಿನ ಚರಂಡಿ ಹಳದಿಯಾಗಿ ಹರಿಯುತ್ತಿತ್ತು ಎಂದರು. ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ, ನೀರಿಗೆ ಕೊಡುವ ಬಣ್ಣ ಅದೇ.

ಪ್ಲೇಟಿಂಗ್ 'ಕೆಂಪು' ವರ್ಗದ, ಅಂದರೆ ಹೆಚ್ಚು ಮಾಲಿನ್ಯ ಮಾಡುವ ಉದ್ದಿಮೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಇಲ್ಲದೆ ನಡೆಸುವಂತಿಲ್ಲ. ಹಾಗಾಗಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕಡತದ ನಕಲು ಪಡೆದೆ. ಸಮ್ಮತಿ ಪತ್ರ ಇತ್ತು. ಕೊಳಚೆ ನೀರು ಸಂಸ್ಕರಿಸಿದಾಗ ಉಳಿಯುವ ಕೆಸರನ್ನು ಎಲ್ಲಿಗೆ ಸಾಗಿಸಿದರು ಎಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ. ನನಗೆ ಅನುಮಾನ ಗಟ್ಟಿಯಾಗಿದ್ದು ಅಲ್ಲೇ.

ಆಮೇಲೆ ಶೆಡ್ಡನ್ನು ಹಗಲು ಬೆಳಕಲ್ಲಿ ನಿಧಾನಕ್ಕೆ ಸುತ್ತಿದೆ. ಒಂದು ಮೂಲೆಯಲ್ಲಿ ಕಾಂಕ್ರೀಟ್ ಆಸಿಡ್ ತಿಂದು ಜಲ್ಲಿ ಎದ್ದಿತ್ತು. ಮೇಲಿನ ಕಬ್ಬಿಣದ ತೊಲೆಗಳು ಆ ಭಾಗದಲ್ಲಿ ಮಾತ್ರ ಪದರ ಪದರವಾಗಿ ತುಕ್ಕು ಹಿಡಿದಿದ್ದವು. ಹಿಂದಿನ ಗೋಡೆಯ ಹತ್ತಿರ ಒಂದು ಚೌಕ ಮಾತ್ರ ಹೊಸ ಸಿಮೆಂಟು. ಹಳೇ ನೆಲದಲ್ಲಿ ಹೊಸ ಸಿಮೆಂಟು ಕಂಡರೆ ಕೆಳಗೆ ಏನಿತ್ತು ಎಂದು ಕೇಳಿ. ಇಲ್ಲಿ ಗುಂಡಿ ಇತ್ತು.

ಮಾದರಿ ತೆಗೆಯುವುದನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಒಪ್ಪಿಸಿದೆ. ಆ ಮಾನ್ಯತೆ ನಮಗೆ ಬೇಕಾದ ಪರೀಕ್ಷೆಗೂ ಇದೆಯಾ ಎಂದು ಮೊದಲೇ ಕೇಳಿದ್ದೆ. ಸುಮ್ನೆ 'ಮಣ್ಣು ಪರೀಕ್ಷೆ' ಎಂದರೆ ಪಾಯಕ್ಕೆ ಬೇಕಾದ ವರದಿ ಕೊಟ್ಟುಬಿಡುತ್ತಾರೆ. ಒಟ್ಟು ಕ್ರೋಮಿಯಂ, ಆರು ವೇಲೆನ್ಸಿಯ ಕ್ರೋಮಿಯಂ, ನಿಕ್ಕಲ್, ಸತು, ಸಯನೈಡ್, ಪಿಎಚ್ ಎಂದು ಬರೆದೇ ಕೊಟ್ಟೆ. ಗುಂಡಿಯ ಪಕ್ಕ, ಚರಂಡಿ ಬಳಿ, ಬಾಗಿಲ ಹತ್ತಿರ ಬೇರೆ ಬೇರೆ ಆಳದಲ್ಲಿ ಮಣ್ಣು ತೆಗೆಸಿದೆ. ಹೋಲಿಸಿ ನೋಡಲು ಕಾರ್ಖಾನೆ ಇಲ್ಲದ ಎತ್ತರದ ಜಾಗದ ಮಣ್ಣೂ ಬೇಕು, ಅದಿಲ್ಲದಿದ್ದರೆ ಅಂಕಿ ನೋಡಿ ಜಾಸ್ತಿಯೋ ಕಡಿಮೆಯೋ ಹೇಳುವುದು ಕಷ್ಟ. ಬೋರ್‌ವೆಲ್ ನೀರನ್ನು ಪಂಪ್ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಹಿಡಿದೆವು. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಲ್ಯಾಬ್ ತಲುಪಿಸಿದೆವು, ಯಾಕೆಂದರೆ ಆರು ವೇಲೆನ್ಸಿಯ ಕ್ರೋಮಿಯಂ ಪರೀಕ್ಷೆ 24 ಗಂಟೆಯೊಳಗೆ ಆಗಬೇಕು.

ಬಾಗಿಲ ಕಡೆ ಮಣ್ಣು ಚೆನ್ನಾಗಿತ್ತು. ಗುಂಡಿಯ ಸುತ್ತ ಕೆಟ್ಟಿತ್ತು. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಬೋರ್‌ವೆಲ್ ನೀರಿನಲ್ಲಿ ಅದರ ಹಲವು ಪಟ್ಟು ಇತ್ತು.

'ಮಾಲಿನ್ಯ ಮಾಡಿದವರೇ ಹಣ ತೆರಬೇಕು' ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲೇ ರಾಜಸ್ಥಾನದ ಬಿಚ್ಛ್ರಿ ಹಳ್ಳಿಯ ರಾಸಾಯನಿಕ ಕಾರ್ಖಾನೆಗಳ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೆ ಮಾಡಿದವರು ಅಂಗಡಿ ಮುಚ್ಚಿ ಹೋಗಿರುತ್ತಾರೆ. ನೋಟಿಸು ಬರುವುದು ಈಗ ಜಾಗದಲ್ಲಿ ಇರುವವರಿಗೆ ಅಲ್ವಾ? ಕಲುಷಿತ ಜಾಗಗಳ ನಿರ್ವಹಣೆಗೆಂದೇ 2025ರಲ್ಲಿ ಕೇಂದ್ರದ ನಿಯಮಗಳು ಬಂದಿರುವುದರಿಂದ, ಮುಂದೆ ಇಂಥ ಜಾಗಗಳು ಕಣ್ಣಿಗೆ ಬೀಳುವುದೂ ಹೆಚ್ಚುತ್ತದೆ.

ಅದಕ್ಕೇ ನಾನು ಬೆಲೆ ಇಳಿಸಿ ಎಂದು ಕೇಳಲಿಲ್ಲ. ಬೆಲೆ ಇಳಿಸಿದರೆ ಮಣ್ಣು ನನ್ನದಾಗುತ್ತದೆ. ನೋಂದಣಿಗೆ ಮುಂಚೆ ಮಾಲೀಕರೇ ಮಂಡಳಿಗೆ ತಿಳಿಸಿ ಗುಂಡಿಯ ಮಣ್ಣು ತೆಗೆಸಬೇಕು, ಅಪಾಯಕಾರಿ ತ್ಯಾಜ್ಯದ ಅಧಿಕೃತ ಘಟಕಕ್ಕೆ ತಮ್ಮ ಹೆಸರಿನ ಮ್ಯಾನಿಫೆಸ್ಟ್‌ನಲ್ಲೇ (ತ್ಯಾಜ್ಯ ಸಾಗಣೆಯ ದಾಖಲೆ) ಕಳಿಸಬೇಕು, ಅಗೆದ ಗುಂಡಿಯ ತಳದ ಮಣ್ಣಿನ ವರದಿ ಸರಿ ಬರುವವರೆಗೆ ಒಂದು ಪಾಲು ಹಣ ನನ್ನಲ್ಲೇ ಉಳಿಯಬೇಕು ಎಂದು ಕರಾರಿನಲ್ಲಿ ಬರೆಸಿದೆ. ಮಾಲೀಕರು ತುಂಬ ಸಿಟ್ಟಾದರು, ಕೊನೆಗೆ ಒಪ್ಪಿದರು. ಇನ್ನೊಬ್ಬರು ಕೊಳ್ಳಲು ಬಂದರೂ ಮಣ್ಣು ಕೆಟ್ಟಿದೆ ಎಂಬ ಆ ವರದಿ ಮಾಲೀಕರ ಕೈಯಲ್ಲಿ ಇರುತ್ತಿತ್ತಲ್ಲ.

ಬಂಡೆಯ ಬಿರುಕಿನಲ್ಲಿ ಇಳಿದ ನೀರನ್ನು ಮಾತ್ರ ಅಗೆದು ತೆಗೆಯಲಾಗದು. ಬೋರ್‌ವೆಲ್ ಮುಚ್ಚಿಸಿ, ನಲ್ಲಿ ನೀರಿನ ಸಂಪರ್ಕ ತೆಗೆದುಕೊಂಡೆ. ಕೂಲಂಟ್ (ಯಂತ್ರ ಲೋಹ ಕೊರೆಯುವಾಗ ತಂಪು ಮಾಡುವ ದ್ರವ) ಬೆರೆಸಲೂ ಬೋರ್‌ವೆಲ್ ನೀರು ಬಳಸುವುದಿಲ್ಲ. ಕ್ರೋಮಿಯಂ ಚರ್ಮಕ್ಕೂ ಕೆಟ್ಟದ್ದು, ನಮ್ಮ ಹುಡುಗರ ಕೈ ಇಡೀ ದಿನ ಕೂಲಂಟ್‌ನಲ್ಲೇ ಇರುತ್ತದೆ.